ಹಸುಳೆಯ ಬಯಕೆ, ಪ್ರಳಯದ ತೀರ್ಪು

1980ರಲ್ಲಿ ಯೊಶಿಯುಕಿ ತೊಮಿನೊ ನಿರ್ದೇಶಿಸಿದ 'ಸ್ಪೇಸ್ ರನ್‌ಅವೇ ಇಡಿಯಾನ್' ಎಂಬ ಜಪಾನೀ ಅನಿಮೆ ಸರಣಿಯನ್ನು ಪುನಃ ನೋಡುವವರಿಗೆ ಅದರ ದೋಷಗಳು ಮರೆಯಾಗಿರಲಾರವು: ವಾರವಾರವೂ ಅದೇ ಪಲಾಯನ, ಅದೇ ಯುದ್ಧ, ಆಟಿಕೆಯಂತೆ ತೋರುವ ಇಡಿಯಾನ್ ಎಂಬ ಆ ಕೆಂಪು ಯಂತ್ರಪುರುಷ. ಸಾಲದ್ದಕ್ಕೆ 39 ಕಂತುಗಳಿಗೇ ಸರಣಿ ನಿಂತುಹೋಗಿ, ಕಥೆಯ ಅಂತ್ಯಕ್ಕೆ 1982ರ ಚಲನಚಿತ್ರವನ್ನು ಕಾಯಬೇಕಾಯಿತು. ಆದರೂ ಮುಂದೆ 'ಇವಾಂಗೆಲಿಯನ್' ರಚಿಸಿದ ಹಿದೆಯಾಕಿ ಅನ್ನೊ ಅವರಂಥವರ ಮೇಲೆ ಅದು ಬೀರಿದ ಪ್ರಭಾವ ಅಲ್ಪವಲ್ಲ.

ಕಥೆಯಲ್ಲಿ ಭೂಮಿಯವರು ಸಂಧಾನವನ್ನು ಬಯಸಿ ಬಿಳಿಯ ಬಾವುಟವನ್ನೆತ್ತಲು, ಅವರ ಎದುರಾಳಿಗಳಾದ ಬಫ್ ಕುಲದವರ ಸಂಪ್ರದಾಯದಲ್ಲಿ ಅದು ಸರ್ವನಾಶದ ಘೋಷಣೆಯಾದ್ದರಿಂದ, ಸಂಧಿಯಾಗಬೇಕಾದಲ್ಲಿ ಸಂಹಾರವೇ ಮುಂದುವರಿಯಿತು. ಈ ಎರಡೂ ಕುಲಗಳನ್ನು ಪರೀಕ್ಷಿಸುವ 'ಇಡೆ' ಎಂಬುದು ಗತಿಸಿದ ನಾಗರಿಕತೆಯೊಂದರ ಅಸಂಖ್ಯ ಚಿತ್ತಗಳು ಏಕೀಭವಿಸಿದ ಮಹಾಶಕ್ತಿ. ಬದುಕಬೇಕೆಂಬ ಹಸುಳೆಯ ನಿಷ್ಕಲ್ಮಷವಾದ ಬಯಕೆಗೆ ಅದು ಓಗೊಡುತ್ತದೆ. ಹಾಗಿದ್ದೂ ಕೊನೆಗೆ ಹಸುಳೆಗಳನ್ನೂ ಹಂತಕರನ್ನೂ ಒಂದೇ ಪ್ರಳಯದಲ್ಲಿ ಅಳಿಸಿ, ಆತ್ಮಗಳಿಗೆ ಹೊಸ ಲೋಕದಲ್ಲಿ ಮರುಹುಟ್ಟನ್ನು ಕರುಣಿಸುತ್ತದೆ. ಪುನರ್ಜನ್ಮವನ್ನು ನಂಬುವ ನಮ್ಮಲ್ಲಿ ಕೆಲವರಿಗೆ ಇದು ಸಮಾಧಾನವೆನಿಸಬಹುದು, ನನಗೆನಿಸದು. ಒಡಹುಟ್ಟಿದ ಅಕ್ಕನ ಗುಂಡಿಗೆ ಬಲಿಯಾದ ಬಫ್ ಕುಲದ ಗರ್ಭಿಣಿ ಕರಾಲಾಳ ವೇದನೆಗೆ ಮರುಹುಟ್ಟು ಉತ್ತರವಲ್ಲ. ಮಾಡಿದವನೇ ಉಣ್ಣತಕ್ಕದ್ದೆಂಬ ಧರ್ಮವನ್ನು ಮೀರಿ ಕುಲಕ್ಕೆ ಕುಲವನ್ನೇ ದಂಡಿಸುವ ಶಕ್ತಿಯನ್ನು, ಅದೆಷ್ಟೇ ಅಪಾರವಾಗಿರಲಿ, ದೇವರೆಂದು ಪೂಜಿಸಲು ನನ್ನ ಮನಸ್ಸು ಒಪ್ಪದು.