ವೈರಿಗಳ ವೇಳಾಪಟ್ಟಿ

1990ರ ಆಗಸ್ಟ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಯುಗೊಸ್ಲಾವಿಯ ತಂಡ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಬ್ಯಾಸ್ಕೆಟ್‌ಬಾಲ್ ವಿಶ್ವ ಚಾಂಪಿಯನ್ ಆಯಿತು. ಸಂಭ್ರಮದ ಗದ್ದಲದಲ್ಲಿ ಅಭಿಮಾನಿಯೊಬ್ಬ ಕ್ರೊಯೇಷಿಯದ ಬಾವುಟ ಹಿಡಿದು ಅಂಗಣಕ್ಕೆ ನುಗ್ಗಿದ. ಸರ್ಬಿಯದ ಆಟಗಾರ ವ್ಲಾಡೆ ದಿವಾಚ್ ಅದನ್ನು ಕಿತ್ತುಕೊಂಡ. ಗೆದ್ದದ್ದು ಯುಗೊಸ್ಲಾವಿಯ, ಒಂದು ಪ್ರಾಂತ್ಯದ ಬಾವುಟ ಯಾಕೆ ಎಂಬುದು ಅವನ ವಾದ. ಅದೇ ತಂಡದಲ್ಲಿದ್ದ ಕ್ರೊಯೇಷಿಯದ ದ್ರಾಜೆನ್ ಪೆಟ್ರೋವಿಚ್‌ಗೂ ಅವನಿಗೂ ಜೀವದ ಗೆಳೆತನ. ಅದು ಮುರಿಯಿತು. ಮರುವರ್ಷ ದೇಶ ಒಡೆದು ಯುದ್ಧ ಹತ್ತಿಕೊಂಡಿತು. 1993ರ ಜೂನ್‌ನಲ್ಲಿ ಪೆಟ್ರೋವಿಚ್ ಜರ್ಮನಿಯಲ್ಲಿ ಕಾರು ಅಪಘಾತಕ್ಕೆ ಬಲಿಯಾದ. ಇಬ್ಬರೂ ಕೂತು ಮಾತಾಡುವ ದಿನ ಬರಲೇ ಇಲ್ಲ.

ಸ್ನೇಹದಿಂದ ಆಗದ ಕೆಲಸವೊಂದು 2001ರಲ್ಲಿ ಲೆಕ್ಕಾಚಾರದಿಂದ ಆಯಿತು. ಸ್ಲೊವೇನಿಯದ ಲ್ಯುಬ್ಲಿಯಾನಾ ನಗರದಲ್ಲಿ ಒಲಿಂಪಿಯಾ, ಸಿಬೊನಾ, ಬೊಸ್ನಾ, ಬುದುಚ್‌ನೊಸ್ಟ್ ಎಂಬ ನಾಲ್ಕು ಕ್ಲಬ್‌ಗಳು ಸೇರಿ ಏಡ್ರಿಯಾಟಿಕ್ ಲೀಗ್ ಕಟ್ಟಿದವು. ಸರ್ಕಾರದ ಯೋಜನೆಯಲ್ಲ, ಶಾಂತಿ ಸಭೆಯ ನಿರ್ಣಯವಲ್ಲ, ಖಾಸಗಿ ಲೀಗ್. ಟೈರ್ ಕಂಪನಿ ಗುಡ್‌ಇಯರ್ ತನ್ನ ಹೆಸರು ಕೊಟ್ಟು ದುಡ್ಡು ಹಾಕಿತು. ಒಡೆದ ಮೇಲೆ ಪುಟ್ಟದಾದ ದೇಶಗಳಲ್ಲಿ ಸರಿಸಮನಾದ ಎದುರಾಳಿಗಳಿಲ್ಲ, ಟಿವಿ ಹಣವಿಲ್ಲ, ಒಳ್ಳೆಯ ಆಟಗಾರರು ಹೊರಗೆ ಹೋಗುತ್ತಿದ್ದರು. ಮೊದಲ ವರ್ಷ 12 ತಂಡಗಳು. ಸರ್ಬಿಯದ ಒಂದೂ ಇರಲಿಲ್ಲ. ಮರುವರ್ಷ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಬಂತು, 2004ರಲ್ಲಿ ದಿವಾಚ್‌ನ ಹಳೆಯ ಕ್ಲಬ್ ಪಾರ್ಟಿಜಾನ್. ಝಾಗ್ರೆಬ್‌ನ ಸಿಬೊನಾ ಪೆಟ್ರೋವಿಚ್ ಆಡಿದ ಕ್ಲಬ್. ಅದರ ಕ್ರೀಡಾಂಗಣಕ್ಕೆ ಅವನದೇ ಹೆಸರು. ಅಲ್ಲಿಗೆ ಪಾರ್ಟಿಜಾನ್ ಬಸ್ಸಿಳಿದು ಆಡಿ ಹೋಗತೊಡಗಿತು. ಗ್ಯಾಲರಿಯ ಬೈಗುಳ ನಿಲ್ಲಲಿಲ್ಲ. ಪಂದ್ಯವೂ ನಿಲ್ಲಲಿಲ್ಲ.

ಆ ಯುದ್ಧದಲ್ಲಿ ಬೊಸ್ನಿಯದ ಸರಾಯೆವೊ ನಗರವನ್ನು ಸುಮಾರು ನಾಲ್ಕು ವರ್ಷ ಮುತ್ತಿಗೆ ಹಾಕಿ ಕೂತದ್ದು 1996ರವರೆಗೆ. ಐದೇ ವರ್ಷಕ್ಕೆ ಆ ಊರಿನ ಬೊಸ್ನಾ ಈ ಲೀಗಿನ ಸಂಸ್ಥಾಪಕ. ಯಾರೂ ಯಾರನ್ನೂ ಕ್ಷಮಿಸಿರಲಿಲ್ಲ. ಮನಸ್ಸು ಕೂಡದೆ ಬರೀ ಕೈ ಕೂಡಿದರೆ ಅದಕ್ಕೆ ಧರ್ಮದ ಕಣ್ಣಿನಲ್ಲಿ ಬೆಲೆ ಉಂಟೇ?

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಸ್ತಿಕೆಯಲ್ಲಿ ಉಂಟು ಎನ್ನುತ್ತಾನೆ. ಬುದ್ಧಿಯೊಂದಿದ್ದರೆ ಪಿಶಾಚಿಗಳ ಸಮೂಹವೂ ನಿಯಮ ಕಟ್ಟಿಕೊಂಡು ಬಾಳಬಹುದು, ಒಳ್ಳೆಯತನ ಬೇಕಿಲ್ಲ ಎಂಬ ಧಾಟಿಯ ಮಾತು ಅವನದು. ಕೇಳಲು ಚೆನ್ನಾಗಿದೆ. ಬೀದರಿನಲ್ಲಿ ನಿಂತು ಕೇಳಿದರೆ ಅನುಮಾನ ಹುಟ್ಟುತ್ತದೆ.

ಇಲ್ಲಿನ ಓಣಿಯಲ್ಲಿರುವ ಮದರಸವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನಿಯಾದವನು. ದರಬಾರಿನಲ್ಲಿ ಎರಡು ಬಣ: ಈ ನೆಲದ ದಖನಿಗಳು, ಸಮುದ್ರ ದಾಟಿ ಬಂದ ಆಫಾಖಿಗಳು. ಗವಾನ್ ಪ್ರಾಂತ್ಯಗಳನ್ನು ನಾಲ್ಕರಿಂದ ಎಂಟು ಮಾಡಿ, ಹುದ್ದೆಗಳನ್ನು ಎರಡೂ ಬಣಗಳಿಗೆ ತೂಗಿ ಹಂಚಿದ. ಒಬ್ಬರನ್ನೊಬ್ಬರು ಪ್ರೀತಿಸಿ ಎಂದು ಹೇಳಲಿಲ್ಲ; ಸಂಬಳ ಸರಿಯಾಗಿದ್ದರೆ ಸಾಕು ಎಂದುಕೊಂಡ. 1481ರಲ್ಲಿ ವೈರಿಗಳು ಅವನ ಮುದ್ರೆಯೊತ್ತಿದ ಖೋಟಾ ಪತ್ರವೊಂದನ್ನು ಸುಲ್ತಾನನಿಗೆ ತೋರಿಸಿ ಅವನ ತಲೆ ತೆಗೆಸಿದರು. ಸ್ವಲ್ಪ ಕಾಲದಲ್ಲೇ ರಾಜ್ಯ ಐದಾಗಿ ಹೋಯಿತು.

ಗವಾನನ ಲೆಕ್ಕ ತಪ್ಪಾಗಿರಲಿಲ್ಲ. ಲೆಕ್ಕ ಹಾಕಿದ ಜಾಗ ತಪ್ಪು. ದರಬಾರಿನಲ್ಲಿ ಎದುರಿನವ ಕೆಳಗಿಳಿದರೆ ಅವನ ಜಹಗೀರು ನನಗೆ. ಆಟದ ಲೀಗಿನಲ್ಲಿ ಎದುರಿನ ಕ್ಲಬ್ ಬಾಗಿಲು ಹಾಕಿದರೆ ನನ್ನ ಟಿಕೆಟ್ ಕೌಂಟರ್ ಕೂಡ ಖಾಲಿ. ಸೋಲಿಸಲೇಬೇಕು, ಆದರೆ ಇಲ್ಲವಾಗಿಸುವಂತಿಲ್ಲ. ವೈರಿಯ ಇರವನ್ನು ತನ್ನ ಹೊಟ್ಟೆಪಾಡಿಗೇ ಬಯಸಬೇಕಾದ ಸ್ಥಿತಿ ಕ್ಷಮೆಗಿಂತ ಕೀಳು ಎನ್ನುವುದು ಸುಲಭ. ಆದರೆ ಮೂರು ಬಿಟ್ಟ ಮಾತುಗಳ ನಡುವೆಯೂ ಮತ್ತೊಂದು ವಾರ, ಮತ್ತೊಂದು ಪಂದ್ಯ ಎಂದು ಎಳೆದುಕೊಂಡು ಬಂದದ್ದು ಅದೇ.

ಇದನ್ನು ಕಲ್ಯಾಣದ ಶರಣರ ಮುಂದಿಟ್ಟರೆ ಒಪ್ಪುತ್ತಿದ್ದರೋ ಇಲ್ಲವೋ. ದುಡಿಮೆ ಎಷ್ಟು ಮುಖ್ಯವೋ ದುಡಿವ ಮನಸ್ಸೂ ಅಷ್ಟೇ ಮುಖ್ಯ ಅವರಿಗೆ. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದ ಕತೆ ಬಸವಕಲ್ಯಾಣದ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಏಡ್ರಿಯಾಟಿಕ್ ಲೀಗಿಗೆ ಲಕ್ಕಮ್ಮ ಸಿಗಲಿಲ್ಲ. ನೆರೆಹೊರೆಯವರ ಲೀಗ್ ಎಂದು ಹುಟ್ಟಿದ್ದಕ್ಕೆ 2024ರಲ್ಲಿ ದುಬೈ ತಂಡವೂ ಸೇರಿತು. ಬಾಲ್ಕನ್ ಗಾಯಗಳಿಗೂ ದುಬೈಗೂ ಏನು ಸಂಬಂಧ? ದುಡ್ಡಿನ ಸಂಬಂಧ. ಲಾಭಕ್ಕೆ ಹತ್ತಿರ ಬಂದ ನೆರೆಯವನನ್ನು ಲಾಭಕ್ಕೇ ದೂರ ಮಾಡಬಹುದಲ್ಲ ಎಂಬ ಶಂಕೆಗೆ ಇಲ್ಲಿ ಆಧಾರವಿದೆ.

ಹಾಗೆಂದು ಒಳಗೂ ಹೊರಗೂ ಒಂದಾಗಿರದ ನಡೆಯೆಲ್ಲ ಕಪಟವೂ ಅಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅದನ್ನು ಬೂಟಾಟಿಕೆ ಎಂದವರಿಲ್ಲ. ಕಾಲ ಕೆಟ್ಟಾಗ ತೋರಿಕೆಯೂ ಒಂದು ಆಸರೆ.

ಬೀದರ್ ಜಿಲ್ಲೆಯೂ ಹಂಚಿಹೋದ ನೆಲವೇ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಈ ಜಿಲ್ಲೆಯ ಉದಗೀರ್, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಯುಗೊಸ್ಲಾವಿಯದಂತೆ ಇಲ್ಲಿ ಆ ಗೆರೆಗಾಗಿ ಯುದ್ಧವಾಗಲಿಲ್ಲ, ಹೋಲಿಕೆಯನ್ನು ಜಗ್ಗಬಾರದು. ಆದರೂ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಗಡಿ ದಾವೆ ಇದೆ; ಅದು ಕೇಳುತ್ತಿರುವ 865 ಊರುಗಳಲ್ಲಿ ಈ ಜಿಲ್ಲೆಯವೂ ಸೇರಿವೆ. ವಿವಾದ ಬಿಸಿಯಾದಾಗ ಎರಡು ರಾಜ್ಯಗಳ ನಡುವೆ ಬಸ್ಸು ನಿಲ್ಲುವುದುಂಟು. ಆರಿದ ಮೇಲೆ ಮತ್ತೆ ಹೊರಡುತ್ತವೆ. ಔರಾದಿನ ರೈತ ತೊಗರಿ, ಸೋಯಾ ಹೇರಿಕೊಂಡು ಉದಗೀರಿನ ಅಡತಿ ಅಂಗಡಿಗೆ ಹೋಗುವಾಗ ಅವನ ತಲೆಯಲ್ಲಿರುವುದು ಕ್ವಿಂಟಲ್‌ ದರ, ಗಡಿ ವಿವಾದದ ಮಹಾಜನ ವರದಿಯಲ್ಲ. ಕಾಂಟ್ ಇದನ್ನು ಕಂಡಿದ್ದರೆ ಮೀಸೆ ಇಲ್ಲದಿದ್ದರೂ ತಿರುವುತ್ತಿದ್ದ.

ಆದರೆ ಬಜಾರು ಮುಟ್ಟದ ಗೆರೆಯೊಂದಿದೆ. ಕಲ್ಯಾಣದಲ್ಲಿ ಚಮ್ಮಾರ, ಅಂಬಿಗ, ಬ್ರಾಹ್ಮಣ ಒಟ್ಟಿಗೆ ಕೂತು ಅನುಭಾವ ನಡೆಸಿದ್ದನ್ನು ಬಿಜ್ಜಳನ ಆಳ್ವಿಕೆ ಗೊಣಗುತ್ತಲೇ ಸಹಿಸಿತು. ಒಟ್ಟಿಗೆ ದುಡಿದದ್ದನ್ನೂ ಉಂಡದ್ದನ್ನೂ ಸಹಿಸಿತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಹುಟ್ಟಿನ ಮಧುವರಸ ಮಗಳನ್ನು ಕೊಟ್ಟಾಗ ಮಾತ್ರ ಸಹಿಸಲಿಲ್ಲ. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣರ ಕಥನ ಹೇಳುತ್ತದೆ. ಲೀಗಿನ ನಿಯಮಪುಸ್ತಕ ಅಷ್ಟು ದೂರ ಹೋಗುವುದೇ ಇಲ್ಲ. ಅದು ಕೇಳುವುದು ಅಂಗಣದ ಸಮಯವನ್ನು, ಮನೆಯ ಹೊಸ್ತಿಲನ್ನಲ್ಲ. ಹಾಗೆಂದೇ ಅದು ಉಳಿದಿದೆ, ಹಾಗೆಂದೇ ಅದರ ಅಳವೂ ಅಷ್ಟೇ.

ಇವತ್ತು ಭಾಲ್ಕಿ, ಔರಾದ್ ಕಡೆಯವರು ಉದಗೀರ್, ದೇವಣಿ ಕಡೆಗೆ ಹೆಣ್ಣು ಕೊಡುತ್ತಾರೆ, ತರುತ್ತಾರೆ. ಮಾತುಕತೆ ಅರ್ಧ ಕನ್ನಡ, ಅರ್ಧ ಮರಾಠಿ. ಲಗ್ನಪತ್ರಿಕೆ ಎರಡೂ ಲಿಪಿಯಲ್ಲಿ ಅಚ್ಚಾದರೂ ಯಾರಿಗೂ ಅಚ್ಚರಿಯಿಲ್ಲ. ಯಾವ ರಾಜ್ಯ ಎಂದು ಬೀಗರು ಕೇಳುವುದಿಲ್ಲ. ಜಾತಿಯನ್ನು, ಆಮೇಲೆ ಒಳಪಂಗಡವನ್ನು, ಕಲ್ಯಾಣದ ಹೆಸರು ಹೇಳಿಕೊಳ್ಳುವ ಮನೆಗಳಲ್ಲೂ ಮೊದಲು ಕೇಳುತ್ತಾರೆ.