ಬೆರಕೆ ಸೊಪ್ಪು ಮತ್ತು ನಮ್ಮ ಹೊಣೆ

ನಾವು ತಿನ್ನುವುದು ನಮ್ಮ ಸುತ್ತಮುತ್ತಲೇ ಬೆಳೆದದ್ದಾಗಿರಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಸಾಗಾಟದ ಖರ್ಚು ಕಡಿಮೆ, ತರಕಾರಿ ತಾಜಾ, ಬೆಳೆದವನ ಕೈಗೂ ನಾಲ್ಕು ಕಾಸು ಸೇರುತ್ತದೆ. ಮಾತೇನೋ ಸರಿ. ಆದರೆ ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಆಹಾರ ಒಳ್ಳೆಯದಾಗಿಬಿಡುತ್ತದೆಯೇ?

ಬೆಂಗಳೂರಿನ ಪೂರ್ವಕ್ಕಿರುವ ಕಗ್ಗದಾಸಪುರವನ್ನೇ ನೋಡೋಣ. ಇಂದು ಅಪಾರ್ಟ್‌ಮೆಂಟುಗಳಿಂದ ಕಿಕ್ಕಿರಿದಿರುವ ಇದು ಮೂಲತಃ ಕೆರೆಯ ಊರು. ಕೆರೆಯ ಕೆಳಗೆ ಗದ್ದೆ, ಆಚೆಗೆ ರಾಗಿ ಹೊಲ, ಬದುವಿನಲ್ಲಿ ಯಾರೂ ಬಿತ್ತದೆ ಬೆಳೆಯುವ ಸೊಪ್ಪು: ಬೆಂಗಳೂರು ಸುತ್ತಲಿನ ಕೆರೆಯೂರುಗಳು ಹೀಗೆಯೇ ಉಂಡು ಬದುಕಿದವು. ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ ಸೊಪ್ಪುಗಳನ್ನು ಕೂಡಿಸಿ ಮಾಡುವ ಬೆರಕೆ ಸೊಪ್ಪಿನ ಸಾರಿಗೆ ದುಡ್ಡು ಬೇಕಿರಲಿಲ್ಲ. ಯಾವುದು ತಿನ್ನುವಂಥದ್ದು, ಯಾವುದು ಅಲ್ಲ ಎಂಬ ತಿಳಿವಳಿಕೆ ಬೇಕಿತ್ತು. ಅದು ಹೆಂಗಸರಲ್ಲಿ, ಅದರಲ್ಲೂ ಬಡ ಹೆಂಗಸರಲ್ಲಿ ಇತ್ತು. ಕೆರೆಗಳಿಗೆ ಕೊಳಚೆ ಹರಿದು, ಬದುಗಳ ಮೇಲೆ ಮನೆಗಳು ಎದ್ದಾಗ ಆ ತಿಳಿವಳಿಕೆಯೂ ಮೂಲೆ ಸೇರಿತು.

ಅದನ್ನು ಮರಳಿ ಬೆಳಕಿಗೆ ತರಲು ಕೆಲವರು ದುಡಿದಿದ್ದಾರೆ. ಕಲಾವಿದ ಸುರೇಶ್ ಕುಮಾರ್ ಜಿ. ಅವರು 'ಸರ್ಜಾಪುರ ಕರೀಸ್' ಎಂಬ ಹೆಸರಿನಲ್ಲಿ ನಾಟಿ ಸೊಪ್ಪುಗಳನ್ನು ಬೆಳೆಸಿ ಜನರಿಗೆ ಪರಿಚಯಿಸಿದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಚೇಸಿಂಗ್ ಸೊಪ್ಪು' ಎಂಬ ಸಚಿತ್ರ ಪುಸ್ತಕ ಬೆಂಗಳೂರಿನ ಸೊಪ್ಪುಗಳನ್ನು ಅಡುಗೆಯ ವಿಧಾನದೊಂದಿಗೆ ಮುಂದಿಟ್ಟಿತು. ಸಂಶೋಧನಾ ಪ್ರಬಂಧವನ್ನು ಓದದವರೂ ಚಿತ್ರ ನೋಡಿ ಗಿಡವನ್ನು ಗುರುತಿಸಬಲ್ಲರು. ಕಳೆಯೆಂದು ಕಿತ್ತೆಸೆದದ್ದನ್ನು ಅನ್ನವೆಂದು ಕಾಣಿಸುವ ಶಕ್ತಿ ಕಲೆಗಿದೆ.

ಆದರೆ ಸೀಸ, ಕ್ಯಾಡ್ಮಿಯಂಗಳನ್ನು ಕಾಣಿಸಲು ಯಾವ ಚಿತ್ರಕಾರನಿಗೂ ಸಾಧ್ಯವಿಲ್ಲ. ಬೆಂಗಳೂರಿನ ಅಂಗಡಿಗಳಿಂದ ತಂದ ತರಕಾರಿಗಳಲ್ಲಿ ಇಂಥ ಭಾರಲೋಹಗಳು ಮಿತಿ ಮೀರಿರುವುದನ್ನು ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ ಅಧ್ಯಯನ ಕಂಡುಕೊಂಡದ್ದು 2023ರಲ್ಲಿ ಸುದ್ದಿಯಾಯಿತು. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪೂ ಹಚ್ಚಹಸಿರಾಗಿಯೇ ಇರುತ್ತದೆ. ಅಲ್ಲಿ ಕಣ್ಣನ್ನು ನಂಬುವಂತಿಲ್ಲ, ಪ್ರಯೋಗಾಲಯವೇ ಮಾತಾಡಬೇಕು.

ಇಲ್ಲಿ ನೈತಿಕ ಪ್ರಶ್ನೆಯೊಂದು ಏಳುತ್ತದೆ. ಕೆರೆಯ ಅಂಚಿನಲ್ಲಿ ಸೊಪ್ಪು ಕಿತ್ತು ಕಟ್ಟು ಕಟ್ಟಿ ಮಾರುವ ಹೆಣ್ಣುಮಗಳಿಗೆ ನಾವು ಏನು ಹೇಳಬೇಕು? ಕೀಳಬೇಡ ಎಂದರೆ ಅವಳ ಅನ್ನಕ್ಕೆ ಕಲ್ಲು. ಸುಮ್ಮನಿದ್ದರೆ ಅವಳ ಮಕ್ಕಳ ಬಟ್ಟಲಿಗೇ ಮೊದಲು ವಿಷ. ಉಳ್ಳವರು ಬೇರೆಡೆಯಿಂದ ದುಬಾರಿ ತರಕಾರಿ ತರಿಸಿಕೊಂಡಾರು. ಅವಳು ಎಲ್ಲಿಗೆ ಹೋಗಬೇಕು? ಆ ಕೊಳಚೆಯಾದರೂ ಹರಿದು ಬಂದದ್ದು ನಮ್ಮ ಬಚ್ಚಲುಗಳಿಂದ, ಕಾರ್ಖಾನೆಗಳಿಂದ ಅಲ್ಲವೇ?

ಸ್ಥಳೀಯ ಆಹಾರದ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ದೂರದ ಹೊಲಕ್ಕೆ ಯಾವ ನೀರು ಹರಿಯಿತೋ ನಾವು ಕಾಣೆವು. ಹತ್ತಿರದ ಹೊಲಕ್ಕೆ ಹರಿಯುವುದು ನಮ್ಮದೇ ನೀರು. ಹೀಗಾಗಿ ಹತ್ತಿರದ ಊಟ ನಮ್ಮನ್ನು ಹೊಣೆಗಾರರನ್ನಾಗಿ ಮಾಡುತ್ತದೆ. ಸೊಪ್ಪನ್ನು ಹೊಗಳಿ ಕೆರೆಯನ್ನು ಮರೆಯುವವರು ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಆದ್ದರಿಂದ ಸಂಶೋಧಕರು ತಮ್ಮ ಫಲಿತಾಂಶಗಳನ್ನು ಕನ್ನಡದಲ್ಲಿ, ಸೊಪ್ಪಿನ ಹೆಸರುಗಳನ್ನು ಹೇಳಿಕೊಟ್ಟ ಹೆಂಗಸರಿಗೇ ಮೊದಲು ತಲುಪಿಸಲಿ. ಕಲಾವಿದರು ಸೊಪ್ಪಿನ ಜೊತೆಗೆ ಅದರ ಬುಡಕ್ಕೆ ಹರಿಯುವ ಕಾಲುವೆಯನ್ನೂ ಬರೆಯಲಿ. ಉಣ್ಣುವ ನಾವು ಕೆರೆಗೆ ಶುದ್ಧ ನೀರೇ ಸೇರಬೇಕೆಂದು ಆಡಳಿತವನ್ನು ಬಿಡದೆ ಕೇಳೋಣ. ಬೆರಕೆ ಸೊಪ್ಪು ಬಡವರ ಬಟ್ಟಲಿಗೆ ನಿರ್ಭಯವಾಗಿ ಮರಳುವವರೆಗೂ ಈ ಕೆಲಸ ಮುಗಿಯಿತೆಂದು ಹೇಳುವಂತಿಲ್ಲ.