ಹೊತ್ತಿನ ಲೆಕ್ಕ ಯಾರ ಕೈಯಲ್ಲಿ?

2020ರ ಡಿಸೆಂಬರ್ 12ರ ಬೆಳಗಿನ ಜಾವ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಪುಡಿಯಾದವು, ವಾಹನಗಳು ಬುಡಮೇಲಾದವು. ನೂರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಬಂಧಿಸಿದರು. ಮೊದಮೊದಲು ಇದೊಂದು ದೊಂಬಿ ಎಂದೇ ಸುದ್ದಿಯಾಯಿತು. ಆಮೇಲೆ ಕಾರ್ಖಾನೆಗಳ ಇಲಾಖೆ ತನಿಖೆ ನಡೆಸಿದಾಗ ಹೊರಬಂದ ಸಂಗತಿಗಳಲ್ಲಿ ಮುಖ್ಯವಾದದ್ದು ಹಾಜರಾತಿ ಯಂತ್ರದ ಕಥೆ. ಅಕ್ಟೋಬರ್‌ನಿಂದ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು. ಅದೇ ಹೊತ್ತಿಗೆ ಹಾಜರಾತಿ ವ್ಯವಸ್ಥೆ ಕೆಟ್ಟಿತ್ತು, ಅದನ್ನು ಯಾರೂ ಸರಿಪಡಿಸಿರಲಿಲ್ಲ. ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಸಾವಿರಾರು ಯುವಕ ಯುವತಿಯರು ದುಡಿದ ಗಂಟೆಗಳು ಒಂದು, ಕೈಗೆ ಬಂದ ಸಂಬಳ ಇನ್ನೊಂದು. ಕೆಲಸದ ಗಂಟೆಗಳನ್ನು ಸರಿಯಾಗಿ ನಿರ್ವಹಿಸದ ಕಾರಣ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಯಿತೆಂದು ಆಪಲ್ ಕಂಪನಿಯೇ ಒಪ್ಪಿಕೊಂಡು, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿತು.

ಗಾಜು ಒಡೆದದ್ದನ್ನು ಸಮರ್ಥಿಸಬೇಕಿಲ್ಲ. ಆದರೆ ಒಂದು ಲೆಕ್ಕದ ಯಂತ್ರ ಕೆಟ್ಟರೆ ಇಷ್ಟು ಸಿಟ್ಟು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ಹಣ ಕಡಿಮೆ ಬಂದದ್ದಕ್ಕೆ ಮಾತ್ರವಲ್ಲ. ತಾನು ಕಳೆದ ರಾತ್ರಿ ಹನ್ನೆರಡು ಗಂಟೆ ನಿಂತೇ ಕೆಲಸ ಮಾಡಿದ್ದೇನೆ ಎಂದು ತೋರಿಸಲು ಕಾರ್ಮಿಕನ ಬಳಿ ಏನೂ ಇರಲಿಲ್ಲ. ಅವನ ಹೊತ್ತು ಅವನ ಮೈಯಿಂದ ಹೋಗಿತ್ತು, ಅದರ ಪುರಾವೆ ಬೇರೆಯವರ ಕಂಪ್ಯೂಟರಿನಲ್ಲಿತ್ತು.

ಯಾವುದೇ ಸಂಸ್ಥೆ ಹಾಜರಾತಿಗೆ ಒಂದು ವಿಧಾನ ಆರಿಸುವಾಗ ಅದನ್ನು ಖರೀದಿಯ ವಿಷಯವೆಂದೇ ನೋಡುತ್ತದೆ. ಪುಸ್ತಕ ಸಾಕೇ, ಕಾರ್ಡ್ ಬೇಕೇ, ಬೆರಳಚ್ಚು ಒಳ್ಳೆಯದೇ, ಮುಖ ಗುರುತಿಸುವ ಆ್ಯಪ್ ಅಗ್ಗವೇ, ಒಬ್ಬನ ಬದಲು ಇನ್ನೊಬ್ಬ ಪಂಚ್ ಮಾಡುವುದನ್ನು ತಡೆಯುವುದು ಯಾವುದು? ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇವುಗಳ ಕೆಳಗೆ ಶತಮಾನಗಳಿಂದ ಧರ್ಮಗಳನ್ನೂ ತತ್ವಚಿಂತಕರನ್ನೂ ಕಾಡಿದ ಪ್ರಶ್ನೆಯೊಂದಿದೆ: ಒಬ್ಬ ಮನುಷ್ಯನ ಹೊತ್ತು ಯಾರದ್ದು, ಅದರ ಲೆಕ್ಕ ಇಡುವ ಅಧಿಕಾರ ಯಾರಿಗೆ?

ಮಧ್ಯಯುಗದ ಯುರೋಪಿನಲ್ಲಿ ಚರ್ಚ್ ಇದಕ್ಕೆ ನೇರ ಉತ್ತರ ಇಟ್ಟುಕೊಂಡಿತ್ತು. ಹದಿಮೂರನೆಯ ಶತಮಾನದ ಧರ್ಮಪಂಡಿತ ಥಾಮಸ್ ಆಫ್ ಚೋಭಮ್ ಬಡ್ಡಿ ವ್ಯಾಪಾರಿಯನ್ನು ಖಂಡಿಸಿದ ಬಗೆ ಹೀಗೆ: ಸಾಲ ಕೊಟ್ಟವನು ಮಾರುತ್ತಿರುವುದು ಬರಿಯ ಕಾಲವನ್ನು, ಕಾಲವೋ ದೇವರಿಗೆ ಸೇರಿದ್ದು, ತನ್ನದಲ್ಲದ್ದನ್ನು ಮಾರುವವನು ಕಳ್ಳ. ಹೊತ್ತನ್ನು ಸಾರುತ್ತಿದ್ದುದೂ ಆಗ ಇಗರ್ಜಿಯ ಗಂಟೆಯೇ. ಅದು ಪ್ರಾರ್ಥನೆಗೆ ಕರೆಯುತ್ತಿತ್ತು, ಸೂರ್ಯನ ಜೊತೆ ಹಿಗ್ಗಿ ಕುಗ್ಗುತ್ತಿತ್ತು. ನೇಯ್ಗೆಯ ಊರುಗಳು ಬೆಳೆದಂತೆ ಇನ್ನೊಂದು ಗಂಟೆ ಬಂತು. ಉತ್ತರ ಫ್ರಾನ್ಸಿನ ಎರ್-ಸುರ್-ಲಾ-ಲಿಸ್ ಎಂಬ ಪಟ್ಟಣಕ್ಕೆ 1355ರಲ್ಲಿ ಕೆಲಸದ ವೇಳೆ ಸಾರುವುದಕ್ಕೆಂದೇ ಒಂದು ಗಂಟೆಗೋಪುರ ಕಟ್ಟಲು ಅನುಮತಿ ಸಿಕ್ಕಿತು. ಸುತ್ತಲಿನ ಅಂಥ ಊರುಗಳ ಕಟ್ಟಳೆಗಳಲ್ಲಿ ಈ ಗಂಟೆಯ ವಿರುದ್ಧ ದಂಗೆ ಏಳುವವರಿಗೆ, ದಂಗೆಗೆ ಕರೆಯಲು ಅದನ್ನೇ ಬಾರಿಸುವವರಿಗೆ ಭಾರಿ ದಂಡ ಬರೆದಿಟ್ಟಿದ್ದರು. ಗಂಟೆ ಬಾರಿಸುವ ಹಗ್ಗ ಯಾರ ಕೈಯಲ್ಲಿದೆಯೋ ಊರಿನ ಹಗಲು ಅವರದ್ದೇ ಎಂಬುದು ನೇಕಾರರಿಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು.

ಮುಂದೆ ಹಗ್ಗ ಪೂರ್ತಿಯಾಗಿ ಯಜಮಾನನ ಕೈಗೆ ಬಂತು. 1700ರ ಸುಮಾರಿಗೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಕಬ್ಬಿಣದ ಕಾರ್ಖಾನೆ ನಡೆಸುತ್ತಿದ್ದ ಆಂಬ್ರೋಸ್ ಕ್ರೌಲಿ ತನ್ನ ಕೆಲಸಗಾರರಿಗೆಂದು ಒಂದು ದೊಡ್ಡ ಕಾನೂನು ಪುಸ್ತಕವನ್ನೇ ಬರೆಸಿದ. ಪ್ರತಿಯೊಬ್ಬನೂ ಬಂದ, ಹೋದ ವೇಳೆಯನ್ನು ನಿಮಿಷದ ಲೆಕ್ಕದಲ್ಲಿ ಬರೆಯಲು ಒಬ್ಬ ಮೇಲ್ವಿಚಾರಕ. ಹೆಂಡದಂಗಡಿ, ತಂಬಾಕು, ಹರಟೆ, ಪತ್ರಿಕೆ ಓದು ಇವಕ್ಕೆ ಹೋದ ಹೊತ್ತೆಲ್ಲ ಕಡಿತ. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆಯೆಂದರೆ, ಆ ಮೇಲ್ವಿಚಾರಕನ ಗಡಿಯಾರವೊಂದನ್ನು ಬಿಟ್ಟು ಬೇರೆ ಯಾವ ಗಡಿಯಾರದಿಂದಲೂ ಯಾರೂ ಹೊತ್ತು ಎಣಿಸುವಂತಿರಲಿಲ್ಲ. ನೂರು ವರ್ಷ ಕಳೆದ ಮೇಲೆ ಹತ್ತಿ, ಸೆಣಬಿನ ಗಿರಣಿಗಳಲ್ಲಿ ಈ ಕಟ್ಟಳೆಯ ಫಲ ಕಾಣಿಸಿಕೊಂಡಿತು. ಬೆಳಿಗ್ಗೆ ಗಡಿಯಾರವನ್ನು ಮುಂದಕ್ಕೆ, ಸಂಜೆ ಹಿಂದಕ್ಕೆ ತಿರುಗಿಸುವ ಗಿರಣಿಗಳಿದ್ದವು. ಕೆಲಸಗಾರರು ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳಲು ಹೆದರುತ್ತಿದ್ದರು. ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದ ಪ್ರಬಂಧದಲ್ಲಿ ಇಂಥ ಸಾಕ್ಷ್ಯಗಳನ್ನು ಒಟ್ಟುಗೂಡಿಸಿದ್ದಾರೆ.

ಈ ಹಿನ್ನೆಲೆಯಲ್ಲಿ ನೋಡಿದರೆ 1888ರಲ್ಲಿ ಅಮೆರಿಕದ ಆಬರ್ನ್ ಊರಿನ ಆಭರಣ ವ್ಯಾಪಾರಿ ವಿಲರ್ಡ್ ಬಂಡಿ ಮಾಡಿದ ಹಾಜರಿ ಗಡಿಯಾರ ಒಂದು ರೀತಿಯಲ್ಲಿ ಕಾರ್ಮಿಕನಿಗೂ ರಕ್ಷಣೆ. ಪ್ರತಿಯೊಬ್ಬನಿಗೂ ನಂಬರಿನ ಒಂದು ಕೀಲಿಕೈ, ಅದನ್ನು ತಿರುಗಿಸಿದರೆ ವೇಳೆ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಆರು ವರ್ಷದ ಮೇಲೆ ಡೇನಿಯಲ್ ಕೂಪರ್ ತಂದ ಕಾರ್ಡಿನ ಯಂತ್ರ ಇನ್ನೂ ಮುಂದೆ ಹೋಯಿತು. ಅಲ್ಲಿ ಒತ್ತಿದ ವೇಳೆ ಕಾರ್ಮಿಕನ ಹೆಸರಿನ ಕಾರ್ಡಿನ ಮೇಲೇ ಮೂಡುತ್ತಿತ್ತು, ಅವನೇ ನೋಡಬಹುದಿತ್ತು. ಮೇಸ್ತ್ರಿಯ ಮರ್ಜಿಗೆ ಅಲ್ಲಿ ಜಾಗ ಕಡಿಮೆ.

ಹಾಗಾದರೆ ಅಳೆಯದೇ ಇರುವುದು ಹೆಚ್ಚು ಮಾನವೀಯವಲ್ಲವೇ ಎಂದು ಕೇಳುವವರಿದ್ದಾರೆ. ಬಟ್ಟೆ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಈ ವಾದ ದಿನವೂ ಕೇಳುತ್ತದೆ: 'ನಮ್ಮ ಹುಡುಗರನ್ನ ಮನೆ ಮಕ್ಕಳ ಹಾಗೆ ನೋಡ್ಕೋತೀವಿ, ಅದಕ್ಕೆಲ್ಲ ಲೆಕ್ಕ ಇಡೋದಾ?' ಪ್ರೀತಿಯಿಂದಲೇ ಹೇಳುವ ಮಾಲೀಕರೂ ಉಂಟು. ಆದರೆ ಲೆಕ್ಕವಿಲ್ಲದ ಆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯುವವನು ಯಾರು, ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುವವನು ಯಾರು ಎಂದು ಕೇಳಿದರೆ ಒಂದೇ ಹೆಸರು ಬರುತ್ತದೆ. ನಂಬಿಕೆ ದೊಡ್ಡದು. ಒಬ್ಬನೇ ಯಾವಾಗಲೂ ನಂಬಬೇಕಾಗಿ ಬರುವ ನಂಬಿಕೆ ಮಾತ್ರ ಸರಿಯಲ್ಲ.

ಕಚೇರಿಗಳ ಗೋಡೆಯ ಮೇಲೆ ಕಾಯಕ ತತ್ವದ ಫಲಕಗಳು ತೂಗುತ್ತಿರುತ್ತವೆ. ಕೆಲಸವೇ ಪೂಜೆ, ಆದ್ದರಿಂದ ಗಡಿಯಾರ ನೋಡಬೇಡ ಎಂಬ ಅರ್ಥದಲ್ಲಿ ಅವನ್ನು ತೂಗುಹಾಕುವುದು ಶರಣರಿಗೆ ಮಾಡುವ ಅನ್ಯಾಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ನಮಗೆ ಬೇಕಾದ ಅಳತೆ ಇದಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ದುಡಿಯುವವರು ಆಸೆಪಡಬಾರದು ಎಂಬ ಪಾಠವಾಗಿ ಹೇಳುವುದೇ ರೂಢಿ. ಲಕ್ಕಮ್ಮನ ನ್ಯಾಯವನ್ನು ಮಾಲೀಕನ ಕಡೆಗೆ ತಿರುಗಿಸಿ ನೋಡಿದವರು ಕಡಿಮೆ. ಒಪ್ಪಿದ ಎಂಟು ಗಂಟೆಯ ಮೇಲೆ ಒಬ್ಬಳಿಂದ ತೆಗೆದುಕೊಂಡ ಇನ್ನೊಂದು ಗಂಟೆ ಆ ಹೆಚ್ಚಿನ ಅಕ್ಕಿಯೇ. ಆದರೆ ಅದನ್ನು ಹಿಂದಿರುಗಿಸಬೇಕಾದರೆ ಎಷ್ಟು ತಂದೆ ಎಂಬುದು ಮೊದಲು ತಿಳಿದಿರಬೇಕು. ಲಕ್ಕಮ್ಮನಿಗೆ ಅಳತೆ ತಿಳಿದಿತ್ತು. ಕಾಯಕದಲ್ಲಿ ಲೆಕ್ಕವಿಲ್ಲ ಎನ್ನುವವರು ಅವಳನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕು.

ಕೌಟಿಲ್ಯನ ಅರ್ಥಶಾಸ್ತ್ರವೂ ಇಲ್ಲಿ ನೆರವಿಗೆ ಬರುತ್ತದೆ. ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಮಾಡಿದ ಕೆಲಸಕ್ಕೂ ಹಿಡಿದ ಕಾಲಕ್ಕೂ ತಕ್ಕಂತೆ ಕೊಡಬೇಕು ಎನ್ನುತ್ತದೆ ಅದು. ಅದರ ಜೊತೆಗೇ, ಕೆಲಸಗಾರನಿಗೂ ಒಡೆಯನಿಗೂ ಆದ ಒಪ್ಪಂದ ಅಕ್ಕಪಕ್ಕದವರಿಗೆ ತಿಳಿದಿರಬೇಕು ಎಂದೂ ಹೇಳುತ್ತದೆ. ಲೆಕ್ಕಕ್ಕೆ ಮೂರನೆಯವರ ಸಾಕ್ಷಿ ಬೇಕೆಂಬ ಈ ಮಾತಿಗೆ ಇವತ್ತಿನ ಹಾಜರಾತಿ ಆ್ಯಪ್‌ಗಳಲ್ಲಿ ಜಾಗವೇ ಇಲ್ಲ.

ಹೊತ್ತಿಗೆ ತಕ್ಕ ಕೂಲಿ ಎಂಬ ಮಾತಿಗೆ ಎದುರಾಗಿ ನಿಲ್ಲುವ ಕಥೆಯೊಂದು ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿದೆ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆಯೇ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ಮಧ್ಯಾಹ್ನ ಕೆಲವರನ್ನು, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಇನ್ನು ಕೆಲವರನ್ನು. ಸಂಜೆ ಎಲ್ಲರಿಗೂ ಒಂದೇ ಕೂಲಿ. ಬಿಸಿಲಿನಲ್ಲಿ ದಿನವಿಡೀ ಬೆಂದವರು ಗೊಣಗುತ್ತಾರೆ. ಜಾನ್ ರಸ್ಕಿನ್ 1860ರಲ್ಲಿ ತನ್ನ ಅರ್ಥಶಾಸ್ತ್ರದ ಪ್ರಬಂಧಗಳಿಗೆ ಈ ಕಥೆಯಿಂದಲೇ ಹೆಸರು ಆರಿಸಿದ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧಿ ಆ ಪ್ರಬಂಧಗಳ ಪುಸ್ತಕ ಓದಿ ನಿದ್ದೆಗೆಟ್ಟರು. ಆಮೇಲೆ ಕಟ್ಟಿದ ಫೀನಿಕ್ಸ್ ಆಶ್ರಮದಲ್ಲಿ ಬಣ್ಣ, ದೇಶ ನೋಡದೆ ಎಲ್ಲರಿಗೂ ತಿಂಗಳಿಗೆ 3 ಪೌಂಡ್ ಎಂದು ನಿಗದಿ ಮಾಡಿದರು. ಗಂಟೆ ಎಣಿಸಿ ಮನುಷ್ಯನ ಬೆಲೆ ಕಟ್ಟಲಾಗದು ಎಂಬುದು ಇಲ್ಲಿನ ತಿರುಳು, ಅದು ನಿಜ. ಆದರೆ ಆ ಕಥೆಯಲ್ಲಿ ಕಣ್ಣು ತಪ್ಪುವ ಒಂದು ವಿವರವಿದೆ. ಬೆಳಿಗ್ಗೆ ಬಂದವರಿಗೆ ಮಾತಾಡಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ, ಎಲ್ಲರ ಕೂಲಿಯೂ ಅದೇ ಸಂಜೆ ಕೈಸೇರಿತು. ಹೊತ್ತು ಮುಳುಗುವ ಮೊದಲೇ ಕೂಲಿ ಕೊಡು ಎಂಬುದು ಬೈಬಲಿನ ಧರ್ಮೋಪದೇಶಕಾಂಡದ ಕಟ್ಟಳೆ. ಬೆವರು ಆರುವ ಮುನ್ನ ಕೊಡು ಎಂಬುದು ಪ್ರವಾದಿ ಮುಹಮ್ಮದರ ಮಾತೆಂದು ಹದೀಸ್ ಪರಂಪರೆ ಹೇಳುತ್ತದೆ. ಧರ್ಮಗಳು ಗಡಿಯಾರವನ್ನು ಮೊದಲು ಹಿಡಿದದ್ದು ದುಡಿಸಿಕೊಳ್ಳುವವನ ಮುಂದೆ. ತಡವಾಗಿ ಬಂದ ಕೂಲಿಯಾಳಿಗೆ ಅವು ದಂಡ ಹಾಕಲಿಲ್ಲ, ತಡವಾಗಿ ಕೂಲಿ ಕೊಡುವ ಯಜಮಾನನನ್ನು ಪಾಪಿ ಎಂದವು.

ಕೊಡುವ ಉದಾರತೆಗೆ ಮಿತಿ ಬೇಡ, ತೆಗೆದುಕೊಳ್ಳುವುದಕ್ಕೆ ಮಾತ್ರ ಲೆಕ್ಕ ಬೇಕು.

ಗಾಂಧಿಯವರಂತೂ ಹೊತ್ತಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. 1930ರ ದಂಡಿ ಯಾತ್ರೆಯಲ್ಲಿ ಅಷ್ಟು ನಡೆದ ಮೇಲೂ ಪ್ರತಿ ಸತ್ಯಾಗ್ರಹಿಯೂ ದಿನಾ ನೂಲಬೇಕು, ದಿನಚರಿ ಬರೆಯಬೇಕು. ಆದರೆ ಬರೆಯುವವನು ಅವನೇ. ತಾನೇ ಬರೆದ ಹೊತ್ತಿನ ಲೆಕ್ಕಕ್ಕೂ ತನ್ನ ಮೇಲೆ ಬೇರೆಯವರು ಬರೆದ ಲೆಕ್ಕಕ್ಕೂ ಅಂತರ ದೊಡ್ಡದು.

ಎರಡನೆಯ ಬಗೆಯದು ಎಷ್ಟು ಕಠಿಣವಾಗಬಲ್ಲದೆಂದು ತಿಳಿಯಲು ಉದ್ಯೋಗ ಖಾತ್ರಿಯ ಕೆಲಸದ ಜಾಗಗಳನ್ನು ನೋಡಬಹುದು. ಎನ್‌ಎಂಎಂಎಸ್ ಎಂಬ ಆ್ಯಪ್ 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳದನ್ನು ಬಿಟ್ಟು ಉಳಿದ ಎಲ್ಲ ಕಾಮಗಾರಿಗಳಿಗೂ ಕಡ್ಡಾಯವಾಯಿತು. ಕೂಲಿಕಾರರ ಫೋಟೊವನ್ನು ದಿನಕ್ಕೆ ಎರಡು ಸಲ ತೆಗೆದು ಏರಿಸಬೇಕಿತ್ತು. ಅದಕ್ಕೆ ಕಾರಣವೂ ಇತ್ತು. ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಎನ್‌ಎಂಆರ್ ಎಂಬ ಹಾಜರಿ ಪಟ್ಟಿ ತುಂಬಿಸಿ ಹಣ ಎತ್ತುವುದು ಸುಳ್ಳಲ್ಲ, ಅದು ಬಡವರ ಹಣವೇ. ಆದರೆ ಅಲ್ಲಿ ಕೂಲಿ ನಿಂತಿದ್ದುದು ಅಗೆದ ಮಣ್ಣಿನ ಅಳತೆಯ ಮೇಲೆ. ಬಿಸಿಲೇರುವ ಮೊದಲು ಬಂದು ಅಳತೆ ಮುಗಿಸಿ ಮನೆಗೆ ಹೋಗುತ್ತಿದ್ದ ಹೆಂಗಸರು ಎರಡನೆಯ ಫೋಟೊಗಾಗಿ ಕಾಯಬೇಕಾಯಿತು, ಇಲ್ಲವೇ ಮತ್ತೆ ನಡೆದು ಬರಬೇಕಾಯಿತು. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಫೋಟೊ ಏರದಿದ್ದರೆ ಆ ದಿನದ ದುಡಿಮೆಯೇ ಇಲ್ಲವಾಗುತ್ತಿತ್ತು. ಆ ವರ್ಷದ ಆರಂಭದಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆ್ಯಪ್ ತಪ್ಪಿದರೆ ಕಳೆದುಕೊಳ್ಳುವವರು ಅವರು. ಕೂಲಿ ತಿಂಗಳುಗಟ್ಟಲೆ ತಡವಾದಾಗ ಸರ್ಕಾರದ ಫೋಟೊ ತೆಗೆದು ಏರಿಸುವ ಆ್ಯಪ್ ಯಾವುದೂ ಇರಲಿಲ್ಲ.

ಯುರೋಪಿನಲ್ಲಿ ಕಾನೂನು ಬೇರೆ ದಿಕ್ಕು ಹಿಡಿದಿದೆ. ಸ್ಪೇನಿನ ಸಿಸಿಒಒ ಕಾರ್ಮಿಕ ಸಂಘ ಡಾಯ್ಚ ಬ್ಯಾಂಕಿನ ಅಲ್ಲಿನ ಶಾಖಾ ಸಂಸ್ಥೆಯ ವಿರುದ್ಧ ಮೊಕದ್ದಮೆ ಹೂಡಿತ್ತು. ಪೂರ್ತಿ ದಿನದ ಗೈರುಹಾಜರಿ ಗುರುತಿಸುವ ವ್ಯವಸ್ಥೆ ಬ್ಯಾಂಕಿನಲ್ಲಿತ್ತು, ದಿನಕ್ಕೆ ಎಷ್ಟು ಗಂಟೆ ದುಡಿದರೆಂದು ಬರೆಯುವ ವ್ಯವಸ್ಥೆ ಇರಲಿಲ್ಲ. ಬಾರದ ದಿನ ಮಾಲೀಕನಿಗೆ ಕಾಣುತ್ತಿತ್ತು, ಹೆಚ್ಚು ದುಡಿದ ಗಂಟೆ ಯಾರಿಗೂ ಕಾಣುತ್ತಿರಲಿಲ್ಲ. ಸ್ಪೇನಿನ ಹೆಚ್ಚುವರಿ ದುಡಿಮೆಯಲ್ಲಿ ಶೇ 53.7ರಷ್ಟು ದಾಖಲಾಗುತ್ತಲೇ ಇರಲಿಲ್ಲ ಎಂಬ ಸಮೀಕ್ಷೆಯ ಅಂಕಿಯೂ ಈ ಪ್ರಕರಣದಲ್ಲಿ ಮುಂದೆ ಬಂತು. ಯುರೋಪಿಯನ್ ನ್ಯಾಯಾಲಯ 2019ರ ಮೇ 14ರಂದು ಕೊಟ್ಟ ತೀರ್ಪಿನಂತೆ, ದಿನದ ದುಡಿಮೆಯ ಅವಧಿ ಅಳೆಯಲು ಪಕ್ಷಪಾತವಿಲ್ಲದ, ನೆಚ್ಚಬಹುದಾದ, ಕಾರ್ಮಿಕರಿಗೂ ಎಟಕುವ ವ್ಯವಸ್ಥೆ ಇಡುವುದು ಮಾಲೀಕರ ಕರ್ತವ್ಯ. ಉದ್ಯೋಗ ಸಂಬಂಧದಲ್ಲಿ ಕಾರ್ಮಿಕ ದುರ್ಬಲ ಪಕ್ಷ ಎಂಬುದು ಅದು ಕೊಟ್ಟ ಕಾರಣ. 2022ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯವೂ ಅದೇ ದಾರಿ ಹಿಡಿಯಿತು.

ಅಳೆಯಬೇಕು ಎಂದ ಮಾತ್ರಕ್ಕೆ ಮೈಯನ್ನೇ ಒತ್ತೆ ಇಡಿಸಿಕೊಳ್ಳಬೇಕಿಲ್ಲ. 2024ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಸೆರ್ಕೊ ಲೀಜರ್ ಎಂಬ ಕಂಪನಿಗೆ ಹಾಜರಾತಿಗಾಗಿ ಮುಖ, ಬೆರಳಚ್ಚು ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಲು ಆದೇಶಿಸಿತು. 38 ಕೇಂದ್ರಗಳ 2,000ಕ್ಕೂ ಹೆಚ್ಚು ನೌಕರರಿಗೆ ಬೇರೆ ದಾರಿಯನ್ನೇ ಕೊಟ್ಟಿರಲಿಲ್ಲ, ಕಾರ್ಡಿನಿಂದ ಆಗುವ ಕೆಲಸಕ್ಕೆ ಮುಖ ಬೇಕಿರಲಿಲ್ಲ ಎಂಬುದು ಅದರ ನಿಲುವು. ಭಾರತದ 2023ರ ದತ್ತಾಂಶ ರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಗಳಿಗೆ ನೌಕರರ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಹಾಗಾಗಿ ಇಲ್ಲಿ ಈ ಸಂಯಮ ಮಾಲೀಕನ ಮನಸ್ಸಾಕ್ಷಿಯಿಂದಲೇ ಬರಬೇಕಾಗುತ್ತದೆ. ಕಾರ್ಡ್ ಕಳೆದರೆ ಇನ್ನೊಂದು ಕೊಡಬಹುದು, ಸೋರಿಹೋದ ಬೆರಳಚ್ಚಿಗೆ ಬದಲಿ ಬೆರಳಿಲ್ಲ. ಸಿಮೆಂಟು, ಸೋಪುನೀರು ಹಿಡಿದು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದೂ ಇಲ್ಲ.

ಇಪ್ಪತ್ತು ಜನರ ವರ್ಕ್‌ಶಾಪಿಗೆ ಮಾಲೀಕ, ಕಾರ್ಮಿಕ ಇಬ್ಬರೂ ಸಹಿ ಹಾಕುವ ಹಾಜರಿ ಪುಸ್ತಕ, ವಾರದ ಕೊನೆಗೆ ಆ ಪುಟದ ಫೋಟೊ ಕಾರ್ಮಿಕನ ಮೊಬೈಲಿಗೆ, ಇಷ್ಟು ಸಾಕು. ನೂರಾರು ಜನರಿರುವಲ್ಲಿ ಕಾರ್ಡ್ ಬೇಕಾಗುತ್ತದೆ, ಒತ್ತಿದೊಡನೆ ಮುದ್ರಿತ ಚೀಟಿಯೋ ಸಂದೇಶವೋ ಕೈಗೆ ಬರಬೇಕು. ಮನೆಯಿಂದ ಕೆಲಸ ಮಾಡುವ ಸಾಫ್ಟ್‌ವೇರ್ ನೌಕರರ ಪರದೆಯ ಚಿತ್ರ ಹತ್ತು ನಿಮಿಷಕ್ಕೊಮ್ಮೆ ಕದಿಯುವ ತಂತ್ರಾಂಶಕ್ಕಿಂತ, ಅವರೇ ತುಂಬುವ ಟೈಮ್‌ಶೀಟ್ ಮೇಲು. ಆದರೆ ಅದರಲ್ಲಿ ಹತ್ತು ಗಂಟೆ ಎಂದು ಬರೆದರೆ ಮೇಲಿನವರು ಗದರಿ ಎಂಟು ಮಾಡಿಸಬಾರದು. 2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯ ಮಿತಿಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘ ಬಲವಾಗಿ ವಿರೋಧಿಸಿತು. ತಮ್ಮ ನಿಜವಾದ ಗಂಟೆಗಳ ದಾಖಲೆ ಕೈಯಲ್ಲಿದ್ದವರಿಗೆ ಅಂಥ ವಾದದಲ್ಲಿ ಬಲ ಹೆಚ್ಚು.

ಯಾವ ವಿಧಾನ ಆರಿಸಿದರೂ ಯಂತ್ರವೂ ಮನುಷ್ಯನೂ ತಪ್ಪುವುದುಂಟು. ಆದ್ದರಿಂದ ದರಪಟ್ಟಿ ನೋಡುವ ಮೊದಲೇ ಮಾಲೀಕರು ಮೂರು ವಿಷಯ ಬರೆದು ಗೋಡೆಗೆ ಅಂಟಿಸಬಹುದು: ತಪ್ಪು ಕಂಡರೆ ಕಾರ್ಮಿಕ ಯಾರ ಬಳಿ ಹೋಗಬೇಕು, ಎಷ್ಟು ದಿನದೊಳಗೆ ತಿದ್ದುತ್ತಾರೆ, ತಿದ್ದುವವರೆಗೆ ಯಾರ ಮಾತನ್ನು ನಂಬಿ ಸಂಬಳ ಕೊಡುತ್ತಾರೆ. ಮೂರನೆಯದಕ್ಕೆ ಉತ್ತರ 'ದುಡಿದವರ ಮಾತು' ಎಂದಿರಬೇಕು.